ವೈರು ಸಿಕ್ಕಿಸದ ರಿಮೋಟು

1998ರ ಬೇಸಿಗೆ ರಜೆ. ಕಾಪುವಿನ ನಮ್ಮ ಮೂಲಮನೆಯ ಚಾವಡಿಗೆ ಹೊಸತೊಂದು ಟಿವಿ ಗೇಮು ಬಂದಿತ್ತು. ಬೂದು ಬಣ್ಣದ ಡಬ್ಬಿ, ಎರಡು ರಿಮೋಟು, ಮೇಲಿನ ಸೀಳಿನಲ್ಲಿ ತುರುಕುವ ಹಳದಿ ಕ್ಯಾಸೆಟ್ಟು. ಒಳಗೆ ಮಾರಿಯೋ, ಕಾಂಟ್ರಾ, ಇಟ್ಟಿಗೆ ಗೋಡೆ ಒಡೆಯುತ್ತ ಹೋಗುವ ಟ್ಯಾಂಕಿನ ಆಟ. ಜಪಾನಿನ ನಿಂಟೆಂಡೊ ಯಂತ್ರದ ಅಗ್ಗದ ನಕಲು ಅದು. ಆ ಕಾಲದ ಮಕ್ಕಳಿಗೆಲ್ಲ ಪರಿಚಿತ. ಅಣ್ಣನ ಮಕ್ಕಳಿಬ್ಬರು ಸರದಿಯಲ್ಲಿ ಆಡುತ್ತ ಊಟ ಮರೆತಿದ್ದರು. ಅವರ ಪಕ್ಕದಲ್ಲಿ, ಗೋಡೆಗೆ ಒರಗಿಸಿದ ದಿಂಬುಗಳ ಆಸರೆಯಲ್ಲಿ ಅಕ್ಕನ ಮಗ ಕೂತಿದ್ದ. ಅವನಿಗಾಗ ಒಂಬತ್ತು ನಡೆಯುತ್ತಿತ್ತು. ಹುಟ್ಟುವ ಹೊತ್ತಿನಲ್ಲಿ ಮಿದುಳಿಗಾದ ಹಾನಿಯಿಂದ ಅವನಿಗೆ ಸೆರೆಬ್ರಲ್ ಪಾಲ್ಸಿ. ಕಾಲು ನಿಲ್ಲದು, ಕೈ ಹೇಳಿದಂತೆ ಕೇಳದು, ಮಾತು ಮನೆಯವರಿಗೆ ಮಾತ್ರ ತಿಳಿಯುತ್ತದೆ. ಬುದ್ಧಿ ಚುರುಕು. ನನಗೂ ಒಂದು ರಿಮೋಟು ಕೊಡಿ ಎಂದು ಹಟ ಹಿಡಿದ.

ನಾನು ಕೊಟ್ಟೆ. ಎರಡನೆಯ ರಿಮೋಟನ್ನು ಡಬ್ಬಿಯಿಂದ ಕಿತ್ತು ಅವನ ತೊಡೆಯ ಮೇಲಿಟ್ಟು, ವೈರಿನ ತುದಿಯನ್ನು ಟಿವಿ ಸ್ಟ್ಯಾಂಡಿನ ಹಿಂದೆ ಅಡಗಿಸಿದೆ. ಮಕ್ಕಳ ಆಟವೂ ಕೆಡಬಾರದು, ಇವನೂ ಅಳಬಾರದು ಎಂಬ ಲೆಕ್ಕ ನನ್ನದು. ಅರ್ಧ ಗಂಟೆ ಅವನು ಮುಷ್ಟಿಯಿಂದ ಗುಂಡಿ ಗುದ್ದಿದ. ಪರದೆಯ ಮೇಲೆ ಮಾರಿಯೋ ಹಾರಿದಾಗಲೆಲ್ಲ ಮಕ್ಕಳು “ನೀನೇ ಹಾರಿಸಿದ್ದು” ಎಂದರು. ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನ ಕಣ್ಣು ತುಂಬಿ ಬಂತು. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನದಲ್ಲಿ ನಾನು ಆ ರಾತ್ರಿ ಮಲಗಿದೆ.

ಕಳೆದ ವರ್ಷದ ಆಟಿ ತಿಂಗಳಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಕಾರ್ಕಳದಿಂದ ಬಜಗೋಳಿ ದಾಟಿ ಒಳಗೆ ಹೋದರೆ, ಘಟ್ಟದ ಬುಡದಲ್ಲಿ ಅವರ ಮನೆ. ಹೊರಗೆ ಮಳೆ ಸುರಿಯುತ್ತಿತ್ತು. ಅಳಿಯನಿಗೆ ಮೂವತ್ತಾರು ತುಂಬುವ ದಿನ ಹತ್ತಿರವಿತ್ತು. “ಏನು ತರಲಿ?” ಎಂದು ಕೇಳಿದೆ. ಅಂಗಿ, ಸಿಹಿತಿಂಡಿ ಎಂದು ಅಕ್ಕನೇ ಉತ್ತರ ಕೊಡತೊಡಗಿದಾಗ ಅವನು ತಲೆಯಾಡಿಸಿ ತಡೆದ. ಅವನ ಬಾಯಿಂದ ಒಂದು ಮಾತು ಹೊರಡಲು ಹೊತ್ತು ಹಿಡಿಯುತ್ತದೆ. ಕುತ್ತಿಗೆ ಬಿಗಿಯುತ್ತದೆ, ಉಸಿರು ಕೂಡಿಬರಬೇಕು. ಕಾದೆ.

“ಗೇಮು, ಮಾಮ.”

ಮತ್ತೆ ಉಸಿರು ಕೂಡಿಸಿಕೊಂಡ.

“ವೈರು ಸಿಕ್ಕಿಸಿದ್ದು.”

ಇಪ್ಪತ್ತೇಳು ವರ್ಷ ಅವನು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಆವತ್ತೇ ಗೊತ್ತಾಗಿತ್ತೇ ಎಂದು ಕೇಳಿದ್ದಕ್ಕೆ ಹೌದೆಂದು ಕಣ್ಣು ಮುಚ್ಚಿ ತೆರೆದ. ಚಪ್ಪಾಳೆ ತಟ್ಟುತ್ತಿದ್ದ ನಮಗೆ ಬೇಸರವಾಗಬಾರದೆಂದು ಒಂಬತ್ತು ವರ್ಷದ ಹುಡುಗ ಗೆದ್ದವನಂತೆ ನಕ್ಕಿದ್ದ. ನಾವು ಅವನನ್ನು ಸಂತೋಷಪಡಿಸಿದೆವು ಎಂದುಕೊಂಡಿದ್ದೆವು. ನಡೆದದ್ದು ಅದರ ತಿರುವುಮುರುವು.

ಅಳಿಯಕಟ್ಟಿನ ನಾಡು ನಮ್ಮದು. ಅಕ್ಕನ ಮಗನ ಮೇಲೆ ಸೋದರಮಾವನಿಗೆ ಹಕ್ಕಿಗಿಂತ ಹೊಣೆ ಹೆಚ್ಚು ಎನ್ನುತ್ತಾರೆ. ಆ ಹೊಣೆಯನ್ನು ತಡವಾಗಿ ಹೊತ್ತವನ ಮಾತು ಇದು. ಒಬ್ಬ ವಯಸ್ಕ ಅಂಗವಿಕಲನಿಗೆ ನೆಟ್ ಬೇಡದ ಗೇಮಿನ ಯಂತ್ರವೊಂದನ್ನು ಆರಿಸಿ ಹೊಂದಿಸಿಕೊಡುವುದು ಸಣ್ಣ ಕೆಲಸದಂತೆ ಕಾಣುತ್ತದೆ. ಅದನ್ನು ಸರಿಯಾಗಿ ಮಾಡಲು ಹೊರಟಾಗ, ಮನುಷ್ಯನನ್ನು ಮನುಷ್ಯನೆಂದು ಎಣಿಸುವುದು ಹೇಗೆ ಎಂಬ ಪ್ರಶ್ನೆಯೇ ಎದುರಾಯಿತು.

ಮೊದಲ ಅಡ್ಡಿ ಬಂದದ್ದು ಮನೆಯೊಳಗಿಂದಲೇ. ಮೂವತ್ತಾರರ ಗಂಡಸಿಗೆ ಮಕ್ಕಳಾಟಿಕೆ ಏಕೆ ಎಂದರು ಒಬ್ಬರು. ಆ ದುಡ್ಡಿನಲ್ಲಿ ಫಿಸಿಯೋಥೆರಪಿ ಮಾಡಿಸಬಹುದಲ್ಲ ಎಂದರು ಇನ್ನೊಬ್ಬರು. ಕೈಗೆ ವ್ಯಾಯಾಮವಾಗುವುದಾದರೆ ಆಗಬಹುದು ಎಂದು ಮೂರನೆಯವರು ಒಪ್ಪಿಗೆಯ ಮುದ್ರೆ ಒತ್ತಿದರು. ಮೂವರ ಮಾತಿನ ತಳದಲ್ಲೂ ಇರುವುದು ಒಂದೇ ನಂಬಿಕೆ: ಅಂಗವಿಕಲನ ಸಂತೋಷಕ್ಕೆ ಒಂದು ಕಾರಣ ಬೇಕು, ಅದರಿಂದ ಏನಾದರೂ ಲಾಭವಾಗಬೇಕು. ಸಂಜೆ ಹೊತ್ತು ಗದ್ದೆಯಲ್ಲಿ ವಾಲಿಬಾಲ್ ಆಡುವ ಹುಡುಗರನ್ನು ಇದರಿಂದ ಯಾವ ಸ್ನಾಯು ಬಲಿಯುತ್ತದೆ ಎಂದು ನಾವು ಕೇಳುವುದಿಲ್ಲ. ಕಂಬಳದ ಗದ್ದೆಯ ಬದಿಯಲ್ಲಿ ರಾತ್ರಿ ಬೆಳಗಾಗಿಸುವವರನ್ನೂ ಕೇಳುವುದಿಲ್ಲ. ಆಟಕ್ಕೆ ಆಟವೇ ಸಮರ್ಥನೆ.

ನಮ್ಮ ಕಡೆ ಇಂಥವರನ್ನು ‘ದೇವರ ಮಕ್ಕಳು’ ಎನ್ನುವ ರೂಢಿ ಇದೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಆ ಮಾತಿನೊಳಗೆ ಸಿಕ್ಕಿಬಿದ್ದವನು ನಲವತ್ತಾದರೂ ಮಗುವಾಗಿಯೇ ಉಳಿಯುತ್ತಾನೆ. ಅವನ ಬಟ್ಟೆಯ ಬಣ್ಣ ಬೇರೆಯವರು ಆರಿಸುತ್ತಾರೆ, ಅವನ ಎದುರಿಗೇ ಅವನ ಬಗ್ಗೆ ಮಾತಾಡುತ್ತಾರೆ. ನನ್ನ ಅಳಿಯ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಮಣಿಪಾಲದಿಂದ 1970ರಿಂದ ಬರುತ್ತಿರುವ ‘ಉದಯವಾಣಿ’ಯ ದಪ್ಪ ಅಕ್ಷರದ ತಲೆಬರಹಗಳ ಮೇಲೆ ಅಜ್ಜ ಬೆರಳಿಟ್ಟು ಓದುತ್ತಿದ್ದಾಗ, ಪಕ್ಕದಲ್ಲಿ ಮಲಗಿ ಕನ್ನಡ ಕಲಿತ. ಇಂದಿಗೂ ಅವನಿಗೆ ಪೇಪರು ಬೇಕೇ ಬೇಕು. ಚುನಾವಣೆಯಲ್ಲಿ ಯಾರಿಗೆ ಓಟು ಹಾಕಿದೆ ಎಂಬುದನ್ನು ತಾಯಿಗೂ ಹೇಳುವುದಿಲ್ಲ. ಓಟು ಹಾಕುವವನನ್ನು ಮಗುವೆನ್ನುವುದು ಹೇಗೆ?

ಕಾನೂನಾದರೂ ಈ ವಿಷಯದಲ್ಲಿ ನಮಗಿಂತ ಮುಂದಿದೆ. ಅಂಗವಿಕಲರ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 2007ರಲ್ಲಿ ಒಪ್ಪಿಗೆ ಕೊಟ್ಟಿತು. ಅದರ 30ನೇ ವಿಧಿ ಸಂಸ್ಕೃತಿ, ಬಿಡುವು, ಆಟೋಟಗಳಲ್ಲಿ ಪಾಲುಗೊಳ್ಳುವ ಹಕ್ಕನ್ನು ಹೇಳುತ್ತದೆ. ನಮ್ಮದೇ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಹಳೆಯ ಕಾಯ್ದೆಯ 7 ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಅದರ 29ನೇ ಸೆಕ್ಷನ್ನು ಮನರಂಜನೆಯಲ್ಲಿ ಸಮಪಾಲನ್ನು ಹಕ್ಕೆಂದು ಒಪ್ಪಿ, ಅದಕ್ಕೆ ಬೇಕಾದ ತಂತ್ರಜ್ಞಾನ, ಸಾಧನಗಳನ್ನು ಬೆಳೆಸುವ ಹೊಣೆಯನ್ನು ಸರ್ಕಾರಕ್ಕೂ ಸ್ಥಳೀಯ ಸಂಸ್ಥೆಗಳಿಗೂ ಹೊರಿಸಿದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರು 13 ಲಕ್ಷಕ್ಕೂ ಹೆಚ್ಚು. ಇವರ ಪೈಕಿ ಎಷ್ಟು ಮಂದಿಗೆ ಆಟವೂ ಹಕ್ಕಿನ ಪಟ್ಟಿಯಲ್ಲಿದೆ ಎಂದು ಯಾರಾದರೂ ಹೇಳಿದ್ದಾರೆ?

ಎರಡನೆಯ ಅಡ್ಡಿ ಇನ್ನೂ ಆಳದ್ದು. ಅವನು ಹುಟ್ಟಿ ವರ್ಷವಾದರೂ ಕತ್ತು ನಿಲ್ಲದಿದ್ದಾಗ ಅಕ್ಕನ ಮನೆಯವರು ಪ್ರಶ್ನೆ ಇಡಿಸಿದರು. ನಾಗದೋಷ ಎಂದಾಯಿತು. ಆಶ್ಲೇಷಾ ಬಲಿ ಆಯಿತು, ಸರ್ಪಸಂಸ್ಕಾರ ಆಯಿತು, ಅಕ್ಕನ ಬಳೆಗಳೂ ಹೋದವು. ದುಃಖದಲ್ಲಿರುವ ತಾಯಿ ಏನನ್ನಾದರೂ ಮಾಡಲು ಹಂಬಲಿಸುತ್ತಾಳೆ. ಅವಳನ್ನು ನಾನು ದೂರುವುದಿಲ್ಲ. ಆದರೆ ಸತ್ಯ ಹೇಳಲೇಬೇಕು. ಬೆಳೆಯುವ ಮಿದುಳಿಗೆ ಹೆರಿಗೆಯ ಮೊದಲು, ಹೆರಿಗೆಯಲ್ಲಿ ಅಥವಾ ತುಸು ಸಮಯದ ಬಳಿಕ ಆಗುವ ಹಾನಿಯಿಂದ ಸೆರೆಬ್ರಲ್ ಪಾಲ್ಸಿ ಬರುತ್ತದೆ. ಉಸಿರು ಕಟ್ಟುವುದು, ತಿಂಗಳು ತುಂಬದೆ ಹುಟ್ಟುವುದು, ಸೋಂಕು, ಹಸುಗೂಸಿಗೆ ಏರುವ ವಿಪರೀತ ಕಾಮಾಲೆ, ಇವೆಲ್ಲ ಅದರ ಕಾರಣಗಳು. ಇದರಲ್ಲಿ ಹಾವಿನ ಪಾತ್ರವಿಲ್ಲ, ಹಿಂದಿನ ಜನ್ಮದ ಲೆಕ್ಕವೂ ಇಲ್ಲ. ನಮ್ಮ ಕರಾವಳಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಾಲವನ್ನು ನೆನೆಯಿರಿ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ಅದರ ಸಂತ್ರಸ್ತರಿದ್ದಾರೆ, ಉಡುಪಿ ಜಿಲ್ಲೆಯಲ್ಲೂ ಇದ್ದಾರೆ. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ನಿಷೇಧಿಸಿತು. ಆಗಿನ ಮಕ್ಕಳು ಈಗ ದೊಡ್ಡವರು. ಅವರ ನೋವನ್ನು ಪೂರ್ವಜನ್ಮದ ಕರ್ಮವೆಂದರೆ ಈ ಜನ್ಮದಲ್ಲಿ ವಿಷ ಸುರಿಯಲು ಸಹಿ ಹಾಕಿದವರು ನಿರಾಳವಾಗುತ್ತಾರೆ.

ಹಣೆಬರಹದ ಮಾತು ಮಿದುಳಿನ ವಿಷಯದಲ್ಲಿ ಎಷ್ಟು ಸುಳ್ಳೋ ಗೇಮಿನ ರಿಮೋಟಿನ ವಿಷಯದಲ್ಲೂ ಅಷ್ಟೇ ಸುಳ್ಳು. ನನ್ನ ಅಳಿಯ ಆಡಲಾರದೆ ಹೋದದ್ದು ಕೈಯ ದೋಷದಿಂದ ಎಂದು ನಾವೆಲ್ಲ ತಿಳಿದಿದ್ದೆವು. ಗುಂಡಿಯನ್ನು ಕಡಲೆಕಾಳಿನ ಗಾತ್ರಕ್ಕೆ ಮಾಡಿದ್ದು, ಎರಡು ಹೆಬ್ಬೆರಳಿದ್ದವನೇ ಆಟಗಾರ ಎಂದು ತೀರ್ಮಾನಿಸಿದ್ದು ಬ್ರಹ್ಮನಲ್ಲ. ಯಾವುದೋ ಕಚೇರಿಯಲ್ಲಿ ಕೂತ ಇಂಜಿನಿಯರು. ಮನುಷ್ಯ ಬರೆದದ್ದನ್ನು ಮನುಷ್ಯ ತಿದ್ದಬಹುದು, ತಿದ್ದಿಯೂ ಇದ್ದಾರೆ. ಅಳಿಯ ಹುಟ್ಟಿದ 1989ರಲ್ಲೇ ನಿಂಟೆಂಡೊ ಕಂಪನಿ ಕೈಯೇ ಬೇಡದ ಕಂಟ್ರೋಲರೊಂದನ್ನು ತಂದಿತ್ತು. ಅದನ್ನು ಎದೆಗೆ ಕಟ್ಟಿಕೊಂಡು ಗದ್ದದಿಂದ ಕೋಲು ತಿರುಗಿಸುವುದು, ಕೊಳವೆಯಲ್ಲಿ ಉಸಿರು ಊದಿ ಎಳೆದು ಗುಂಡಿ ಒತ್ತಿದಂತೆ ಮಾಡುವುದು. 2018ರಲ್ಲಿ ಮೈಕ್ರೋಸಾಫ್ಟ್ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರಿನಲ್ಲಿ ಅಂಗೈಯಗಲದ ಎರಡು ಗುಂಡಿಗಳಿವೆ. ಹಿಂಬದಿಯಲ್ಲಿ ಕಾಲಿನಿಂದಲೋ ತಲೆಯಿಂದಲೋ ಒತ್ತುವ ಬೇರೆ ಬೇರೆ ಸ್ವಿಚ್ಚು ಸಿಕ್ಕಿಸಲು 19 ತೂತುಗಳಿವೆ. 2023ರ ಡಿಸೆಂಬರಿನಲ್ಲಿ ಸೋನಿ ತನ್ನ ಪ್ಲೇಸ್ಟೇಷನ್ 5ಕ್ಕೆ ಆಕ್ಸೆಸ್ ಎಂಬ ದುಂಡಗಿನ ಕಂಟ್ರೋಲರನ್ನು ತಂದಿತು. ಕಾಪುವಿನ ಮನೆಯಲ್ಲಿ ನಾನು ವೈರಿನ ತುದಿ ಅಡಗಿಸುವುದಕ್ಕೆ ಒಂಬತ್ತು ವರ್ಷ ಮೊದಲೇ ಲೋಕದಲ್ಲಿ ದಾರಿ ಇತ್ತು. ನಾವು ಹುಡುಕಿರಲಿಲ್ಲ, ಅಷ್ಟೆ.

ಆರಿಸುವಾಗ ನಾವು ಕಲಿತ ಮೊದಲ ಪಾಠ ಇದು: ಅಂಗಡಿಗೆ ಕೊನೆಗೆ ಹೋಗಬೇಕು. ಮೊದಲು ಕೇಳಬೇಕಾದದ್ದು ಏನು ಆಡುತ್ತೀಯ ಎಂದು. ಅವನಿಗೆ ಕಾರು ಓಡಿಸಬೇಕಿತ್ತು. ಇನ್ನೊಂದು ಷರತ್ತನ್ನೂ ಹಾಕಿದ: “ಸೋಲಬೇಕು.” ಸೋಲಲು ಆಗುವ ಆಟ ಬೇಕು, ಯಾವಾಗಲೂ ಅವನನ್ನೇ ಗೆಲ್ಲಿಸುವ ಆಟ ಬೇಡ. ಹುಟ್ಟಿದಾಗಿನಿಂದ ಕರುಣೆಯ ಬಹುಮಾನ ಪಡೆದು ಬೇಸತ್ತವನು ಮಾತ್ರ ಇಂಥ ಮಾತನ್ನು ಆಡಬಲ್ಲ.

ಎರಡನೆಯದು ದೇಹ. ಮಣಿಪಾಲದ ಆಕ್ಯುಪೇಶನಲ್ ಥೆರಪಿ ವಿಭಾಗಕ್ಕೆ ಅವನನ್ನು ಕರೆದೊಯ್ದೆವು. ಅಲ್ಲಿ ಅವರು ಹುಡುಕಿದ್ದು, ಆಯಾಸವಿಲ್ಲದೆ ನೂರು ಸಲ ಮಾಡಬಲ್ಲ ಚಲನೆ ಯಾವುದು ಎಂದು. ಎಡ ಅಂಗೈಯಿಂದ ಚೆಂಡನ್ನು ಅತ್ತಿತ್ತ ಉರುಳಿಸಬಲ್ಲ. ಬಲ ಮುಷ್ಟಿಯಿಂದ ಗುದ್ದಬಲ್ಲ. ಇಷ್ಟೇ ನಮ್ಮ ಬಂಡವಾಳ. ಟಿವಿಯನ್ನು ಕಣ್ಣಿನ ಎತ್ತರಕ್ಕೆ, ನೇರ ಎದುರಿಗೆ ಇಡಬೇಕೆಂದೂ ಹೇಳಿದರು. ಕೆಲವರಿಗೆ ಶೈಶವದ ಒಂದು ಪ್ರತಿವರ್ತನೆ ಉಳಿದಿರುತ್ತದೆ. ತಲೆ ಒಂದು ಬದಿಗೆ ಹೊರಳಿದರೆ ಆ ಬದಿಯ ತೋಳು ತಾನಾಗಿ ಸೆಟೆದುಕೊಳ್ಳುತ್ತದೆ. ಟಿವಿ ಮೂಲೆಯಲ್ಲಿದ್ದ ಇಷ್ಟು ವರ್ಷ ಅವನ ಕೈ ಹಾರುತ್ತಿದ್ದುದಕ್ಕೆ ಕಾರಣ ಅಂದು ತಿಳಿಯಿತು. ಪಾದಗಳಿಗೆ ಆಧಾರ, ಗಂಟೆಗೊಮ್ಮೆ ಮಗ್ಗುಲು ಬದಲಾವಣೆ ಕೂಡ ಬೇಕು. ಜೊತೆಗೆ ಮೂರ್ಛೆರೋಗವಿದೆಯೇ ಎಂದು ಡಾಕ್ಟರನ್ನು ಕೇಳಲೇಬೇಕು. ಸೆರೆಬ್ರಲ್ ಪಾಲ್ಸಿ ಇರುವ ಹಲವರಿಗೆ ಅದೂ ಇರುತ್ತದೆ, ಮಿನುಗುವ ಬೆಳಕು ಕೆಲವರಲ್ಲಿ ಅದನ್ನು ಕೆರಳಿಸುತ್ತದೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಪೋಕೆಮಾನ್ ಧಾರಾವಾಹಿಯ ಒಂದು ಕಂತಿನ ಮಿನುಗು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಅವನಿಗೆ ಆ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮುಂದಿನ ಮಾತು.

ಮೂರನೆಯದು ಯಂತ್ರ. ಘಟ್ಟದ ಬುಡದಲ್ಲಿ ನೆಟ್ಟು ಬಂದರೆ ಬಂತು, ಹೋದರೆ ಹೋಯಿತು. ಮಳೆಗಾಲದಲ್ಲಿ ಕರೆಂಟಿನದ್ದೂ ಅದೇ ಕಥೆ. ಗುಡುಗು ಬಂದರೆ ಎಲ್ಲ ವೈರನ್ನೂ ಕೀಳಬೇಕು. ಹಾಗಾಗಿ ನೆಟ್ ಬೇಡದ್ದು, ಬ್ಯಾಟರಿಯಲ್ಲೂ ನಡೆಯುವುದು ಬೇಕಿತ್ತು. ಇಂದಿನ ಯಂತ್ರಗಳಲ್ಲಿ ಹೀಗೆ ಬದುಕಬಲ್ಲವು ಕಡಿಮೆ. ಎಕ್ಸ್‌ಬಾಕ್ಸ್ ಸೀರೀಸ್ ಯಂತ್ರಗಳಿಗೆ ಮೊದಲ ಸಲ ಚಾಲೂ ಮಾಡಲೇ ನೆಟ್ ಬೇಕು. ಸೀರೀಸ್ ಎಸ್‌ಗೆ ಡಿಸ್ಕಿನ ಬಾಯಿಯೇ ಇಲ್ಲ. ಪ್ಲೇಸ್ಟೇಷನ್ 5ರ ಹೊಸ ಮಾದರಿಗೆ ಬಿಡಿಯಾಗಿ ಕೊಂಡ ಡಿಸ್ಕ್ ಡ್ರೈವನ್ನು ಜೋಡಿಸಲು ಒಮ್ಮೆ ನೆಟ್ ಬೇಕು, ಆಮೇಲೆ ಡಿಸ್ಕಿನ ಆಟಗಳು ನಡೆಯುತ್ತವೆ. ನಿಂಟೆಂಡೊ ಸ್ವಿಚ್ಚನ್ನು ನೆಟ್ ಇಲ್ಲದೆ, ಖಾತೆ ತೆರೆಯದೆ ಚಾಲೂ ಮಾಡಬಹುದು. ಅದರದ್ದೇ ಪರದೆ, ಅದರದ್ದೇ ಬ್ಯಾಟರಿ. ಬೇಕಾದರೆ ಟಿವಿಗೂ ಜೋಡಿಸಬಹುದು. ಆಟವೆಲ್ಲ ಉಗುರಿನಷ್ಟಗಲದ ಕಾರ್ಡಿನಲ್ಲಿರುತ್ತದೆ, ನಮ್ಮ ಹಳೆಯ ಕ್ಯಾಸೆಟ್ಟಿನ ಮೊಮ್ಮಗುವಿನಂತೆ.

ನಾವು ಅದನ್ನೇ ಆರಿಸಿದೆವು. ಭಾರತದಲ್ಲಿ ನಿಂಟೆಂಡೊ ಅಧಿಕೃತವಾಗಿ ಮಾರಾಟ ಮಾಡುವುದಿಲ್ಲ. ಆದರೆ ಉಡುಪಿ ಜಿಲ್ಲೆಯಲ್ಲಿ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಕಡಿಮೆ. ದುಬೈಯಲ್ಲಿರುವ ಸಂಬಂಧಿಯೊಬ್ಬರು ತಂದುಕೊಟ್ಟರು. ಅದರ ಪ್ಲಗ್ಗಿನ ಕಡ್ಡಿಗಳು ಚೌಕದವು, ನಮ್ಮ ಸಾಕೆಟ್ಟಿಗೆ ಹೊಂದಿಸಲು ಒಂದು ಅಡಾಪ್ಟರು ಬೇಕಾಯಿತು. ಹೆಚ್ಚುಕಡಿಮೆ ಯಾವ ದೇಶದ ಕಾರ್ಡಾದರೂ ಅದರಲ್ಲಿ ನಡೆಯುತ್ತದೆ. ಕೆಟ್ಟರೆ ಇಲ್ಲಿ ವಾರಂಟಿ ಇಲ್ಲ ಎಂಬುದನ್ನು ತಿಳಿದೇ ಕೊಂಡೆವು. ಕೊಳ್ಳುವವರಿಗೆ ಒಂದು ಎಚ್ಚರಿಕೆ: ಈಚೆಗೆ ಕೆಲವು ಆಟಗಳ ಪೆಟ್ಟಿಗೆಯೊಳಗೆ ಬರೀ ಡೌನ್‌ಲೋಡ್ ಸಂಕೇತ ಇರುತ್ತದೆ. 2025ರಲ್ಲಿ ಬಂದ ಸ್ವಿಚ್ 2ರ ‘ಗೇಮ್-ಕೀ ಕಾರ್ಡ್’ಗಳಲ್ಲಿ ಆಟವೇ ಇರುವುದಿಲ್ಲ, ನೆಟ್‌ನಿಂದ ಇಳಿಸಿಕೊಳ್ಳಬೇಕು. ಪೆಟ್ಟಿಗೆಯ ಮೇಲಿನ ಸಣ್ಣ ಅಕ್ಷರ ಓದದೆ ದುಡ್ಡು ಕೊಡಬೇಡಿ. ಈ ಯಂತ್ರದ ಮೆನುವಿನಲ್ಲಿ ಕನ್ನಡವಿಲ್ಲ ಎಂಬ ಕೊರಗೂ ನನಗಿದೆ. ಕನ್ನಡ ಮಾತ್ರ ಓದಬಲ್ಲವನಿಗೆ ಅದೂ ಒಂದು ಮೆಟ್ಟಿಲೇ. ಚಿತ್ರ ನೋಡಿ ಅವನು ದಾರಿ ಕಂಡುಕೊಂಡ.

ಇನ್ನು ಕಂಟ್ರೋಲರು. ಸ್ವಿಚ್ಚಿನ ಜಾಯ್‌ಕಾನ್ ಎಡ ಬಲ ಎಂದು ಎರಡು ತುಂಡಾಗಿ ಬಿಡಿಸಿಕೊಳ್ಳುತ್ತದೆ. ಅವನ ಎರಡು ಕೈಗಳೂ ಒಂದೆಡೆ ಸೇರುವುದಿಲ್ಲವಾದ್ದರಿಂದ ಇದು ವರವೇ ಆಯಿತು. ಕಾರ್ಕಳದಲ್ಲಿ ಚೆನ್ನೆಮಣೆ ಮಾಡುವ ಆಚಾರಿಯೊಬ್ಬರ ಬಳಿ ಹೋದೆ. ಹಲಸಿನ ಹಲಗೆಯೊಂದನ್ನು ವೀಲ್‌ಚೇರಿನ ಎರಡು ತೋಳುಗಳ ಮೇಲೆ ಕೂರುವಂತೆ ಕೊಯ್ದರು. ಒಂದಡಿ ದೂರದಲ್ಲಿ ಎರಡು ಗುಳಿ ತೋಡಿ ಜಾಯ್‌ಕಾನ್‌ಗಳನ್ನು ಮಲಗಿಸಿದರು; ಚಾರ್ಜಿಗೆ ತೆಗೆಯಬೇಕಾದ್ದರಿಂದ ಅಂಟು ಹಾಕದೆ ವೆಲ್ಕ್ರೋ ಹಚ್ಚಿದೆವು. ಎಡಗಡೆಯ ಪುಟ್ಟ ಕೋಲಿಗೆ ಸ್ಪಂಜಿನ ಚೆಂಡು ಬಿಗಿಯಾಗಿ ಸಿಕ್ಕಿಸಿದೆವು. ಬಲಗಡೆಯದ್ದರ ಮೇಲೆ ಆಚಾರಿ ತೆಳು ಪ್ಲೈವುಡ್ಡಿನ ಮುಚ್ಚಳ ಕೂರಿಸಿ, ನಾಲ್ಕು ಗುಂಡಿಗಳಿರುವ ಜಾಗಕ್ಕೆ ಮಾತ್ರ ಕಿಟಕಿ ಬಿಟ್ಟರು. ಗುದ್ದು ತಪ್ಪಿ ಬೇರೆ ಗುಂಡಿಗೆ ಬಿದ್ದರೆ ಆಟದಿಂದಲೇ ಹೊರಗೆ ಹೋಗುವ ಭಯ ಅದರಿಂದ ತಪ್ಪಿತು. ಕೊನೆಗೆ ಹಲಗೆಯ ಅಂಚನ್ನೆಲ್ಲ ಉಜ್ಜಿ ದುಂಡಗೆ ಮಾಡಿ, ತಮ್ಮ ಮೊಣಕೈಯನ್ನೇ ಅದರ ಮೇಲೆ ಎಳೆದು ನೋಡಿ, “ಹುಡುಗನ ಚರ್ಮ ತರಚುವುದಿಲ್ಲ” ಎಂದರು.

ಉಳಿದದ್ದನ್ನು ಯಂತ್ರದ ಸೆಟ್ಟಿಂಗಿನಲ್ಲಿ ಮಾಡಿದೆವು. 2020ರ ಒಂದು ಪರಿಷ್ಕರಣೆಯ ನಂತರ ಸ್ವಿಚ್ಚಿನಲ್ಲಿ ಹೆಚ್ಚಿನ ಗುಂಡಿಗಳ ಕೆಲಸವನ್ನು ಬೇರೆ ಗುಂಡಿಗೆ ಹಚ್ಚಬಹುದು. ಅವನು ಆರಿಸಿದ ‘ಮಾರಿಯೋ ಕಾರ್ಟ್ 8 ಡಿಲಕ್ಸ್’ ಆಟದಲ್ಲಿ ದಾರಿಯಲ್ಲಿ ಸಿಕ್ಕ ವಸ್ತುವನ್ನು ಎದುರಾಳಿಯ ಮೇಲೆ ಎಸೆಯಲು ಎಡಗಡೆಯ ಎಲ್ ಗುಂಡಿ ಒತ್ತಬೇಕು. ಬಲಗಡೆಯ ನಾಲ್ಕರಲ್ಲಿ ಮೂರು ಗುಂಡಿಗಳಿಗೆ ಆ ಕೆಲಸವನ್ನೇ ಕೊಟ್ಟೆವು. ಮೆನುವಿನಲ್ಲಿ ಒಪ್ಪಿಗೆ ಒತ್ತಲು ಬೇಕಾದ ಎ ಗುಂಡಿಯನ್ನು ಹಾಗೆಯೇ ಬಿಟ್ಟೆವು. ಮುಷ್ಟಿ ಎಲ್ಲಿ ಬಿದ್ದರೂ ಕೆಲಸವಾಗುತ್ತದೆ. ಆ ಆಟದಲ್ಲೇ ಇನ್ನೆರಡು ಸೌಕರ್ಯಗಳಿವೆ. ಒಂದು, ಕಾರು ತಾನಾಗಿ ವೇಗ ಹಿಡಿಯುವುದು. ಇನ್ನೊಂದು, ರಸ್ತೆ ಬಿಟ್ಟು ಬೀಳದಂತೆ ತಿರುವಿನಲ್ಲಿ ಕೈಹಿಡಿಯುವುದು. ಎರಡನ್ನೂ ಆಟಗಾರನೊಬ್ಬನಿಗೆ ಮಾತ್ರ ಹಾಕಬಹುದು, ಬೇಡವೆಂದಾಗ ತೆಗೆಯಬಹುದು.

ಮೊದಲ ಓಟ. ಅಣ್ಣನ ಮೊಮ್ಮಗಳು ಅವನ ಎದುರಾಳಿ. ಎಡ ಅಂಗೈ ಚೆಂಡಿನ ಮೇಲೆ ಕೂತಿತು, ನಡುಗಿತು, ಹೊರಳಿತು. ಪರದೆಯ ಮೇಲಿನ ಕಾರೂ ಹೊರಳಿತು. ಅವನು ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಕಾರು ನೇರಕ್ಕೆ ಬಂತು. ಮತ್ತೆ ಬಲಕ್ಕೆ ತಳ್ಳಿದ, ಕಾರು ಬಲಕ್ಕೆ ಹೋಯಿತು. ಓಟವನ್ನು ಮರೆತು ನಾಲ್ಕೈದು ಸಲ ಇಷ್ಟನ್ನೇ ಮಾಡಿ ನೋಡಿದ. ಅವನು ಪರೀಕ್ಷಿಸುತ್ತಿದ್ದುದು ನಮ್ಮನ್ನು ಎಂದು ಆಗ ಹೊಳೆಯಿತು. ಈ ಸಲ ವೈರು ಸಿಕ್ಕಿಸಿದ್ದಾರೆಯೇ? ಸಿಕ್ಕಿಸಿದ್ದಾರೆ ಎಂದು ಖಾತ್ರಿಯಾದ ಮೇಲೆ ಆಟ ಶುರುಮಾಡಿದ. ಹನ್ನೆರಡು ಕಾರುಗಳಲ್ಲಿ ಹನ್ನೆರಡನೆಯವನಾಗಿ ಮುಗಿಸಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದುರಾಳಿ ಹುಡುಗಿ “ಸೋತೆ!” ಎಂದು ಕುಣಿದಳು. ಅವನು ಎಷ್ಟು ಜೋರಾಗಿ ನಕ್ಕನೆಂದರೆ ಅಡುಗೆಮನೆಯಿಂದ ಅಕ್ಕ ಗಾಬರಿಯಾಗಿ ಓಡಿಬಂದಳು.

ಎರಡು ತಿಂಗಳ ಬಳಿಕ ಅವನೇ ಆ ತಿರುವಿನ ಸಹಾಯವನ್ನು ತೆಗೆಸಿದ. ಅದು ಇರುವಷ್ಟು ಹೊತ್ತು ರಸ್ತೆ ಬಿಟ್ಟು ಒಳದಾರಿ ಹಿಡಿಯಲು ಕೆಲವೆಡೆ ಬಿಡುವುದಿಲ್ಲ, ಅವನಿಗೆ ಆ ಒಳದಾರಿಗಳು ಬೇಕಾಗಿದ್ದವು. ಈಗ ಹೆಚ್ಚು ಸಲ ಹಳ್ಳಕ್ಕೆ ಬೀಳುತ್ತಾನೆ. ಸಹಾಯ ಎಂದರೆ ಹೇಗಿರಬೇಕೆಂದು ನನಗೆ ಕಲಿಸಿದ್ದು ಇದೇ: ಕೇಳಿದಾಗ ಇರಬೇಕು, ಬೇಡವೆಂದಾಗ ಸರಿದು ನಿಲ್ಲಬೇಕು, ಬೀಳುವ ಹಕ್ಕನ್ನು ಕಸಿಯಬಾರದು. ಮುಂದೆ ಬಂದೂಕಿನ ಆಟ ಬೇಕೆಂದ. ತಾಯಿ ಬೇಡವೆಂದಳು. “ಅಕ್ಕಾ, ಅವನಿಗೆ ಮೂವತ್ತಾರು” ಎಂದೆ. ಆಟ ಬಂತು.

ನೆಟ್ ಇಲ್ಲದ ಯಂತ್ರ ಒಳ್ಳೆಯದೇ ಆಯಿತು, ಅಪರಿಚಿತರ ಕಾಟವಿಲ್ಲ, ದುಡ್ಡು ಕೀಳುವ ಜಾಹೀರಾತಿಲ್ಲ ಎಂದು ಅನೇಕರು ಮೆಚ್ಚಿದರು. ಆ ಲಾಭ ನಿಜ. ಆದರೆ ಅದೇ ಮಾತಿನಲ್ಲಿ ಒಂದು ಬೇಲಿಯೂ ಇದೆ. ನಾರ್ವೆಯ ಮಾಟ್ಸ್ ಸ್ಟೀನ್ ಎಂಬ ತರುಣ ಸ್ನಾಯುಕ್ಷಯದಿಂದ ತನ್ನ 25ನೇ ವಯಸ್ಸಿನಲ್ಲಿ, 2014ರಲ್ಲಿ ತೀರಿಕೊಂಡ. ಮಗ ಕೋಣೆಯಲ್ಲಿ ಒಂಟಿಯಾಗಿ ಗೇಮು ಆಡುತ್ತ ಕಳೆದ ಎಂದು ಹೆತ್ತವರು ಕೊರಗಿದ್ದರು. ಅವನು ಹೋದ ಸುದ್ದಿ ಹಾಕಿದಾಗ ಯುರೋಪಿನ ಹಲವೆಡೆಗಳಿಂದ ಪತ್ರಗಳು ಬಂದವು. ಆಟದೊಳಗೆ ಇಬೆಲಿನ್ ಎಂಬ ಹೆಸರಿನಲ್ಲಿ ಅವನು ಎಷ್ಟೋ ಜನರ ಆಪ್ತಮಿತ್ರನಾಗಿದ್ದ. ಅವನ ಕುರಿತ ಸಾಕ್ಷ್ಯಚಿತ್ರ 2024ರಲ್ಲಿ ಬಂತು. ಹೊರಗಿನ ಲೋಕವನ್ನು ಅವನಿಗೆ ತೆರೆದದ್ದು ಆ ನೆಟ್ಟೇ. ಹಾಗಾಗಿ ಅಳಿಯನನ್ನು ಕೇಳಿದೆ: ಕಾರ್ಕಳಕ್ಕೆ ಹೋದಾಗ ನೆಟ್ ಹಾಕಿಕೊಡಲೇ? ಬೇಡ ಎಂದ. ಸೋಲಿಸಿದವರ ಕೂಗು ಪಕ್ಕದಲ್ಲೇ ಕೇಳಬೇಕಂತೆ. ನಾಳೆ ಅವನ ಮನಸ್ಸು ಬದಲಾದರೆ ಅದಕ್ಕೂ ದಾರಿ ಮಾಡಬೇಕು. ಆಫ್‌ಲೈನ್ ಅವನ ಆಯ್ಕೆಯಾಗಿರುವವರೆಗೆ ಸರಿ.

ತುಳುನಾಡಿನಲ್ಲಿ ಆಟಿ ತಿಂಗಳು ಚೆನ್ನೆಯ ಕಾಲ. ಗದ್ದೆ ಕೆಲಸವಿಲ್ಲ, ಹೊರಗೆ ಕಾಲಿಡಲು ಮಳೆ ಬಿಡುವುದಿಲ್ಲ. ಹದಿನಾಲ್ಕು ಗುಳಿಗಳ ಮಣೆ ಇಟ್ಟುಕೊಂಡು ಮಂಜೊಟ್ಟಿ ಕಾಯಿ ಎಣಿಸುತ್ತ ಮನೆಮಂದಿ ಹೊತ್ತು ಕಳೆಯುತ್ತಿದ್ದರು. ಹೊರಗೆ ಹೋಗಲಾಗದವರಿಗೆ ಆಟ ಬೇಕು ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಕೆಲವರಿಗೆ ವರ್ಷವಿಡೀ ಆಟಿ ಎಂಬುದನ್ನು ನಾವು ಯೋಚಿಸಲಿಲ್ಲ. 1432ರ ಕಾರ್ಕಳದ ಗೊಮ್ಮಟ ಬಂಡೆಯ ಮೇಲಿದ್ದಾನೆ, 1901ರ ಕಾಪುವಿನ ದೀಪಸ್ತಂಭವೂ ಬಂಡೆಯ ಮೇಲಿದೆ. ಬಾಲ್ಯದ ರಜೆಗಳಲ್ಲಿ ನಮ್ಮ ಮಕ್ಕಳು ಇವನ್ನೆಲ್ಲ ಹತ್ತಿ ಇಳಿಯುವಾಗ ಅವನು ಪ್ರತಿಸಲ ಕೆಳಗೆ ಕಾದಿದ್ದಾನೆ.

ಒಮ್ಮೆ ಕಣ್ಣು ತೆರೆದರೆ ವೈರು ಸಿಕ್ಕಿಸದ ರಿಮೋಟುಗಳು ಊರೆಲ್ಲ ಕಾಣುತ್ತವೆ. ಇಳಿಜಾರು ಕಟ್ಟಿ ಅದರ ತುದಿಯಲ್ಲಿ ಒಂದು ಮೆಟ್ಟಿಲು ಬಿಟ್ಟ ಕಟ್ಟಡ ಅಂಥದ್ದು. ವರ್ಷಕ್ಕೊಮ್ಮೆ ವೇದಿಕೆಗೆ ಎತ್ತಿ ತಂದು ಶಾಲು ಹೊದಿಸಿ, ಮೈಕು ಮಾತ್ರ ಕೊಡದ ಸಮಾರಂಭವೂ ಅಂಥದ್ದು. ಎಲ್ಲ ಕಡೆಯೂ ಚಪ್ಪಾಳೆ ಇದೆ, ಸಂಪರ್ಕವಿಲ್ಲ.

ನಮ್ಮ ಜಿಲ್ಲೆಗೆ ಇದನ್ನು ತಿದ್ದುವ ಶಕ್ತಿ ಇದೆ. ಮಣಿಪಾಲದಲ್ಲಿ ಥೆರಪಿ ಕಲಿಸುವ ಕಾಲೇಜೂ ಇದೆ, 1957ರಿಂದ ಇಂಜಿನಿಯರಿಂಗ್ ಕಾಲೇಜೂ ಇದೆ. ಉಡುಪಿಯ ಆಶಾ ನಿಲಯ, ಕಾಪು ಬಳಿಯ ಪಾಂಬೂರಿನ ಮಾನಸ, ಕಾರ್ಕಳದ ವಿಜೇತದಂಥ ವಿಶೇಷ ಶಾಲೆಗಳಿವೆ. ಒಂದು ಕಡೆಯ ವಿದ್ಯಾರ್ಥಿಗಳು ಇನ್ನೊಂದು ಕಡೆಯವರ ಕೈಗೆ ಒಗ್ಗುವ ಗುಂಡಿಗಳನ್ನು ಮಾಡಬಹುದು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಆಟವನ್ನು ಪಾಠದಷ್ಟೇ ಗಂಭೀರವಾಗಿ ಎಣಿಸಿದ ನಾಡು ಇದು; ಶಾಲೆಯ ವಯಸ್ಸು ದಾಟಿದವರ ಆಟವನ್ನೂ ಹಾಗೆಯೇ ಎಣಿಸಲಿ. ಇಂಥ ಯಂತ್ರ ಕೊಳ್ಳಲು ಒಂದು ಸಾಮಾನ್ಯ ಮೊಬೈಲಿನಷ್ಟು ದುಡ್ಡೂ ಎಲ್ಲ ಮನೆಯಲ್ಲಿ ಇರುವುದಿಲ್ಲ ಎಂಬುದು ನನಗೆ ಗೊತ್ತು. ತಾಲೂಕಿನ ಗ್ರಂಥಾಲಯ ಪುಸ್ತಕದ ಜೊತೆಗೆ ಒಂದು ಯಂತ್ರ, ನಾಲ್ಕು ಬಗೆಯ ಕಂಟ್ರೋಲರು ಇಟ್ಟು ಎರವಲು ಕೊಡಲಿ. ಕಾಯ್ದೆಯ 29ನೇ ಸೆಕ್ಷನ್ನಿಗೆ ಅದಕ್ಕಿಂತ ಅಗ್ಗದ ಗೌರವ ಬೇರೆ ಇಲ್ಲ.

ಅದೆಲ್ಲ ಆಗುವವರೆಗೆ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ವರ್ಷಗಟ್ಟಲೆ ಗೋಡೆಗೆ ಒರಗಿ ಕೂತವರೊಬ್ಬರು ಇದ್ದರೆ, ಈ ವಾರ ಅವರ ಬಳಿ ಹೋಗಿ ಕೂತು, ಏನು ಆಡಬೇಕೆನಿಸುತ್ತದೆ ಎಂದು ಅವರನ್ನೇ ಕೇಳಿ. ಪಕ್ಕದಲ್ಲಿರುವವರು ಉತ್ತರ ಕೊಡಲು ಬಂದರೆ ತಡೆಯಿರಿ. ಮಾತು ಹೊರಡಲು ಹೊತ್ತು ಹಿಡಿಯಬಹುದು. ಕಾಯಿರಿ.